ಕಾದಿರಿಸಿದ ತರಂಗಾಂತರ ವ್ಯರ್ಥವಲ್ಲ

ಹೈದರಾಬಾದಿನ ಹೊರಅಂಚಿನ ಲಿಂಗಂಪಲ್ಲಿಯಿಂದ ಹೊರಟು, ವಿಕಾರಾಬಾದಿನಲ್ಲಿ ಕವಲೊಡೆದು, ಒಂದು ಕಡೆ ಕಲಬುರಗಿ ಜಿಲ್ಲೆಯ ವಾಡಿಗೂ ಇನ್ನೊಂದು ಕಡೆ ಬೀದರಿಗೂ ಬಂದು ಸೇರುವ ಸುಮಾರು ೨೫೦ ಕಿಲೋಮೀಟರಿನ ರೈಲುಮಾರ್ಗವು, ಇಂದು ‘ಕವಚ’ ಎಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಿತವಾಗಿರುವ ರಕ್ಷಣಾವ್ಯವಸ್ಥೆಯ ಮೊದಲ ಪ್ರಯೋಗಕ್ಷೇತ್ರ. ಪ್ರಯಾಣಿಕರ ಗಾಡಿಗಳ ಮೇಲೆ ಅದರ ಪರೀಕ್ಷೆ ೨೦೧೬ರ ಫೆಬ್ರವರಿಯಲ್ಲಿ ಆರಂಭವಾಯಿತು. ೨೦೨೦ರ ಜುಲೈ ತಿಂಗಳಲ್ಲಿ ಅದು ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕೃತವಾಯಿತು. ಹಳಿಯ ಮೇಲೆ ಅಲ್ಲಲ್ಲಿ ಕೂರಿಸಿದ ಆರ್‌ಎಫ್‌ಐಡಿ ಬಿಲ್ಲೆಗಳನ್ನು ಓದಿಕೊಂಡು ತಾನಿರುವ ಸ್ಥಾನವನ್ನು ಅರಿಯುವ ಎಂಜಿನ್ನು ಆ ಸಂಗತಿಯನ್ನು ರೇಡಿಯೋ ತರಂಗಗಳ ಮೂಲಕ ನಿಲ್ದಾಣದ ಯಂತ್ರಕ್ಕೆ ಅರುಹುವುದು, ನಿಲ್ದಾಣದ ಯಂತ್ರವು ಮುಂದಿನ ಸಿಗ್ನಲ್ಲುಗಳ ಸ್ಥಿತಿಯನ್ನು ನೋಡಿ ‘ಇಷ್ಟು ದೂರ ಸಾಗಬಹುದು, ಇದರಾಚೆಗೆ ಸಲ್ಲದು’ ಎಂಬ ಅನುಮತಿಯನ್ನು ಮರಳಿ ಕಳುಹುವುದು, ಚಾಲಕನು ಯಾವ ಕಾರಣದಿಂದಲಾದರೂ ಆ ಎಲ್ಲೆಯನ್ನು ಮೀರುವ ಸೂಚನೆ ಕಂಡುಬಂದೊಡನೆ ಬ್ರೇಕು ತಾನಾಗಿ ಬಿಗಿಯುವುದು, ಇದು ಅದರ ಸಾರಾಂಶ. ಈ ಸಂಭಾಷಣೆಯಲ್ಲಿ ಮಾತು ಬಹಳ ಕಡಮೆ. ಅದೇ ಗಾಡಿಯಲ್ಲಿ ಕುಳಿತ ಪ್ರಯಾಣಿಕನೊಬ್ಬನು ತನ್ನ ಮೊಬೈಲಿನಲ್ಲಿ ನೋಡುವ ಒಂದು ಚಲನಚಿತ್ರದ ದತ್ತಾಂಶದಲ್ಲಿ ಸಹಸ್ರಾಂಶದಷ್ಟೂ ಅದಕ್ಕೆ ಬೇಕಾಗಲಾರದು. ಆದರೂ ಆ ಪ್ರಯಾಣಿಕನ ಪ್ರಾಣವು ನಂಬಿಕೊಂಡಿರುವುದು ಆ ಅಲ್ಪವಾದ ಮಾತನ್ನೇ.

೨೦೨೧ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ೭೦೦ ಮೆಗಾಹರ್ಟ್ಸ್ ಶ್ರೇಣಿಯಲ್ಲಿ ೫ ಮೆಗಾಹರ್ಟ್ಸ್ ಅಗಲದ ತರಂಗಾಂತರವನ್ನು ರೈಲ್ವೆಯ ಸುರಕ್ಷತೆಗಾಗಿ ಪ್ರತ್ಯೇಕಿಸಿ ಕೊಡಲು ಸಮ್ಮತಿಸಿತು. ೨೫,೦೦೦ ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚದಲ್ಲಿ, ಐದು ವರ್ಷಗಳ ಅವಧಿಯಲ್ಲಿ, ಎಲ್‌ಟಿಇ ಮಾದರಿಯ ಜಾಲವೊಂದನ್ನು ಹಳಿಗಳುದ್ದಕ್ಕೂ ನಿರ್ಮಿಸತಕ್ಕದ್ದೆಂಬುದು ಆಗಿನ ಸಂಕಲ್ಪ. ಈ ಶ್ರೇಣಿ ಸಾಮಾನ್ಯವಾದುದಲ್ಲ. ಇದರ ಅಲೆಗಳು ದೂರ ಹೋಗತಕ್ಕವು, ಗೋಡೆಗಳನ್ನು ಹಾಯತಕ್ಕವು. ಕೇಳಿದ ಬೆಲೆ ಅತಿಯಾಯಿತೆಂದು ೨೦೧೬ರ ಮತ್ತು ೨೦೨೧ರ ಹರಾಜುಗಳಲ್ಲಿ ಇದನ್ನು ಕೊಳ್ಳುವವರು ಇಲ್ಲದೆ ಹೋದರೂ ೨೦೨೨ರಲ್ಲಿ ದೇಶವ್ಯಾಪಿಯಾಗಿ ಕೊಳ್ಳುವವರು ದೊರೆತರು. ಇಷ್ಟು ಬೆಲೆಬಾಳುವ ವಸ್ತುವನ್ನು, ದಿನದ ಬಹುಭಾಗ ಸುಮ್ಮನೆ ಇರಬಹುದಾದ ಒಂದು ಕಾರ್ಯಕ್ಕೆ ಮೀಸಲಿಡುವುದು ಅಪವ್ಯಯವಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಅಪವ್ಯಯವಲ್ಲವೆಂದೂ, ಆಪತ್ತಿನ ಸಂದೇಶಕ್ಕೆಂದು ತೆರವಾಗಿ ಇಟ್ಟ ತರಂಗಾಂತರವು ಸುಮ್ಮನಿರುವಾಗಲೂ ತನ್ನ ಕೆಲಸವನ್ನು ಮಾಡುತ್ತಲೇ ಇರುವುದೆಂದೂ, ಇದನ್ನು ನಮ್ಮ ಕಾನೂನೂ ನಮ್ಮ ಅಳತೆಗೋಲುಗಳೂ ಇನ್ನೂ ಸರಿಯಾಗಿ ಗ್ರಹಿಸಿಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

ಐದನೆಯ ತಲೆಮಾರಿನ ಜಾಲಗಳ ರೂಪರೇಖೆಯನ್ನು ೨೦೧೫ರಲ್ಲಿ ನಿರೂಪಿಸುವಾಗ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಅವುಗಳಿಂದ ಆಗಬೇಕಾದ ಸೇವೆಯನ್ನು ಮೂರು ಬಗೆಯಾಗಿ ವಿಂಗಡಿಸಿತು. ಹೆಚ್ಚು ದತ್ತಾಂಶವನ್ನು ವೇಗವಾಗಿ ಸಾಗಿಸುವುದು ಒಂದು, ಅಸಂಖ್ಯಾತವಾದ ಚಿಕ್ಕ ಉಪಕರಣಗಳನ್ನು ಒಂದೇ ಜಾಲಕ್ಕೆ ಕೂಡಿಸುವುದು ಇನ್ನೊಂದು. ಮೂರನೆಯದು, ಅತ್ಯಲ್ಪ ವಿಳಂಬದಲ್ಲಿ ಅತ್ಯಂತ ವಿಶ್ವಾಸಾರ್ಹವಾಗಿ ಸಂದೇಶವನ್ನು ಮುಟ್ಟಿಸುವುದು. ಎರಡು ವರ್ಷಗಳ ತರುವಾಯ ಈ ಮೂರನೆಯ ಬಗೆಗೆ ಅದು ಹಾಕಿದ ಕಟ್ಟಳೆ ಹೀಗಿದೆ: ೩೨ ಬೈಟುಗಳ ಒಂದು ಪುಟ್ಟ ಸಂದೇಶವು ನಿಸ್ತಂತು ಮಾರ್ಗದಲ್ಲಿ ೧ ಮಿಲಿಸೆಕೆಂಡಿನೊಳಗೆ ಗುರಿ ಮುಟ್ಟಬೇಕು, ಹಾಗೆ ಮುಟ್ಟದೆ ಹೋಗುವ ಸಂಭವವು ಲಕ್ಷಕ್ಕೆ ಒಂದನ್ನು ಮೀರಬಾರದು. ತಡವಾಗಿ ಬಂದ ಸಂದೇಶವು ಇಲ್ಲಿ ಬಾರದ ಸಂದೇಶಕ್ಕೆ ಸಮಾನ. ಮೊದಲನೆಯ ಬಗೆಯ ಸೇವೆಯನ್ನು ಅಳೆಯುವಾಗ ಸರಾಸರಿಯೊಂದೇ ಸಾಕು, ಏಕೆಂದರೆ ಒಂದು ಕ್ಷಣದ ಕೊರತೆಯನ್ನು ಮರುಕ್ಷಣದ ಸಮೃದ್ಧಿ ತುಂಬಿಕೊಡುತ್ತದೆ. ಮೂರನೆಯದರಲ್ಲಾದರೋ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸಂದೇಶಗಳ ಸೊಗಸಾದ ನಡೆಯು ತಪ್ಪಿಹೋದ ಆ ಒಂದರ ಲೋಪವನ್ನು ಕಿಂಚಿತ್ತಾದರೂ ಪರಿಹರಿಸಲಾರದು.

ಹೀಗೆಂದ ಮಾತ್ರಕ್ಕೆ ಎಲ್ಲ ಕಾರ್ಯಕ್ಕೂ ೧ ಮಿಲಿಸೆಕೆಂಡು ಬೇಕೆಂದು ಭ್ರಮಿಸಬಾರದು. ಗಂಟೆಗೆ ೧೬೦ ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿನಲ್ಲಿ ೪೪ ಮೀಟರು ಮುಂದುವರಿಯುತ್ತದೆ, ಒಂದು ಮಿಲಿಸೆಕೆಂಡಿನಲ್ಲಿ ನಾಲ್ಕೂವರೆ ಸೆಂಟಿಮೀಟರು ಮಾತ್ರ. ಪೂರ್ಣವೇಗದಲ್ಲಿರುವ ಗಾಡಿ ನಿಲ್ಲುವುದಕ್ಕೇ ಕಿಲೋಮೀಟರಿನ ಸುಮಾರಿಗೆ ದೂರ ಬೇಕಾಗುವಲ್ಲಿ ನಾಲ್ಕೂವರೆ ಸೆಂಟಿಮೀಟರಿಗೆ ಅರ್ಥವಿಲ್ಲ. ರೈಲಿಗೆ ಬೇಕಾದದ್ದು ಮಿಂಚಿನ ವೇಗಕ್ಕಿಂತ ಹೆಚ್ಚಾಗಿ ತಪ್ಪದ ನಡೆ. ಕಾರ್ಖಾನೆಯಲ್ಲಿ ಮನುಷ್ಯನ ಪಕ್ಕದಲ್ಲೇ ತಿರುಗುವ ಯಂತ್ರಬಾಹುವಿಗೆ, ವಿದ್ಯುತ್ ಜಾಲದಲ್ಲಿ ದೋಷ ಕಂಡೊಡನೆ ಸಂಪರ್ಕವನ್ನು ಕಡಿದುಹಾಕುವ ರಕ್ಷಕ ಸಾಧನಕ್ಕೆ, ಮಿಲಿಸೆಕೆಂಡುಗಳ ಲೆಕ್ಕ ನಿಜವಾಗಿಯೂ ಬೇಕು. ಯಾವ ಕಾರ್ಯಕ್ಕೆ ಎಷ್ಟು ಗಡುವು ಎಂಬುದನ್ನು ಆ ಕಾರ್ಯವೇ ನಿರ್ಧರಿಸಬೇಕಲ್ಲದೆ ಮಾರಾಟಗಾರರ ಕರಪತ್ರ ನಿರ್ಧರಿಸಬಾರದು. ಗಡುವು ಬಿಗಿಯಾದಷ್ಟೂ, ನಂಬಿಕೆಯ ಅಂಕೆ ಏರಿದಷ್ಟೂ, ಅದಕ್ಕೆ ತೆರಬೇಕಾದ ತರಂಗಾಂತರದ ಪಾಲು ಏರುತ್ತಲೇ ಹೋಗುವುದರಿಂದ ಅನಾವಶ್ಯಕವಾದ ಬಿಗಿತವೂ ಒಂದು ಬಗೆಯ ದುಂದುಗಾರಿಕೆಯೇ ಸರಿ.

ಈ ತೆರಿಗೆ ಏಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ೧೯೪೮ರಲ್ಲಿ ಕ್ಲಾಡ್ ಶಾನನ್ ಪ್ರಕಟಿಸಿದ ಸಂವಹನಸಿದ್ಧಾಂತವು, ಗದ್ದಲವಿರುವ ಮಾರ್ಗದಲ್ಲಿಯೂ ಒಂದು ನಿಶ್ಚಿತವಾದ ಮಿತಿಯೊಳಗೆ ದೋಷವನ್ನು ಬೇಕಾದಷ್ಟು ತಗ್ಗಿಸಿ ಮಾತನ್ನು ಮುಟ್ಟಿಸಬಹುದೆಂದು ಸಾಧಿಸಿ ಜಗತ್ತನ್ನೇ ಬದಲಿಸಿತು. ಆದರೆ ಆ ಭರವಸೆಗೆ ಅಡಗಿದ ಒಂದು ನಿಬಂಧನೆಯುಂಟು. ಸಂದೇಶವನ್ನು ಬಹು ದೀರ್ಘವಾದ ಸಂಕೇತಮಾಲೆಯಾಗಿ ಹೆಣೆದಾಗ ಮಾತ್ರ, ಗದ್ದಲದ ಏರಿಳಿತಗಳು ಒಂದನ್ನೊಂದು ಸರಿದೂಗಿಸಿಕೊಂಡು, ಆ ಮಿತಿಯ ಸಮೀಪಕ್ಕೆ ಹೋಗಲು ಸಾಧ್ಯ. ೩೨ ಬೈಟುಗಳ ಸಂದೇಶಕ್ಕೆ ಅಷ್ಟು ಉದ್ದದ ಮಾಲೆಯೂ ಇಲ್ಲ, ಹೆಣೆಯುವುದಕ್ಕೆ ಕಾಲವೂ ಇಲ್ಲ. ಪಾಲ್ಯಾನ್‌ಸ್ಕಿ, ಪೂರ್, ವೆರ್ಡೂ ಎಂಬ ಮೂವರು ವಿದ್ವಾಂಸರು ೨೦೧೦ರಲ್ಲಿ ಗಣಿಸಿ ತೋರಿಸಿದ್ದು ಇದನ್ನೇ: ಸಂಕೇತಮಾಲೆ ಮೊಟಕಾದಷ್ಟೂ, ಸಹಿಸಬಹುದಾದ ದೋಷ ಕಿರಿದಾದಷ್ಟೂ, ಶಾನನ್ನನ ಮಿತಿಯಿಂದ ನಾವು ಹಿಂದೆ ಸರಿಯಬೇಕಾದ ಅಂತರ ಹಿರಿದಾಗುತ್ತದೆ. ಚಿಕ್ಕ ಮಾತನ್ನು ಬೇಗನೆ ನಿಶ್ಚಯವಾಗಿ ಹೇಳಬೇಕಾದರೆ ಅದರ ಗಾತ್ರಕ್ಕೆ ಮೀರಿದ ಅಗಲವನ್ನು ಅದಕ್ಕೆ ಬಿಟ್ಟುಕೊಡಬೇಕು. ಇದು ಎಂಜಿನಿಯರನ ಅದಕ್ಷತೆಯಲ್ಲ, ನಿಸರ್ಗದ ನಿಯಮ.

ಗದ್ದಲವೊಂದೇ ಶತ್ರುವಲ್ಲ. ಗೋಪುರದಿಂದ ಹೊರಟ ಅಲೆಯು ಗುಡ್ಡಕ್ಕೆ, ಕಟ್ಟಡಕ್ಕೆ, ಎದುರಿನಿಂದ ಬರುವ ಇನ್ನೊಂದು ಗಾಡಿಯ ಲೋಹದ ಮೈಗೆ ತಾಗಿ ಹಲವು ದಾರಿಗಳಿಂದ ಬಂದು ಸೇರುವಾಗ, ಒಮ್ಮೊಮ್ಮೆ ಆ ಅಲೆಗಳು ತಮ್ಮಲ್ಲೇ ಒಂದನ್ನೊಂದು ಅಳಿಸಿಹಾಕಿ ಕ್ಷಣಕಾಲ ಮೌನವನ್ನುಂಟುಮಾಡುತ್ತವೆ. ಸಾಮಾನ್ಯವಾದ ಜಾಲವು ಅಂಥ ಕ್ಷಣ ಕಳೆಯಲೆಂದು ಕಾದು ಮತ್ತೆ ಕಳುಹಿಸುತ್ತದೆ. ಕಾಯುವ ಅವಕಾಶವಿಲ್ಲದ ಸಂದೇಶವನ್ನು ಒಂದೇ ಕಾಲದಲ್ಲಿ ಹಲವು ಆಂಟೆನಾಗಳಿಂದ, ಹಲವು ಆವರ್ತನಗಳಲ್ಲಿ, ಸಾಧ್ಯವಾದರೆ ಎರಡು ಗೋಪುರಗಳಿಂದ ಕಳುಹಬೇಕಾಗುತ್ತದೆ. ನೂರಕ್ಕೆ ಒಂದು ಸಲ ತಪ್ಪುವ ದಾರಿಗಳು ಎರಡಿದ್ದರೆ ಎರಡೂ ಒಟ್ಟಿಗೆ ತಪ್ಪುವುದು ಹತ್ತು ಸಾವಿರಕ್ಕೆ ಒಂದು ಸಲ. ಆದರೆ ಈ ಗುಣಾಕಾರ ಸಲ್ಲಬೇಕಾದರೆ ಆ ದಾರಿಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಸ್ವತಂತ್ರವಾಗಿರಬೇಕು. ಎರಡೂ ಒಂದೇ ಗುಡ್ಡದ ಮರೆಗೆ ಬೀಳುವಂತಿದ್ದರೆ, ಅಥವಾ ಎರಡು ಗೋಪುರಗಳಿಗೂ ಒಂದೇ ವಿದ್ಯುತ್ ತಂತಿ ಬಂದಿದ್ದರೆ, ಎರಡೆಂಬುದು ಕಾಗದದ ಮೇಲಿನ ಎರಡು ಮಾತ್ರ. ಹಂಚಿಕೆಯ ಜಾಣತನವೆಲ್ಲ ಈ ಸ್ವಾತಂತ್ರ್ಯವನ್ನು ಅತ್ಯಲ್ಪ ವೆಚ್ಚದಲ್ಲಿ ಸಂಪಾದಿಸುವುದರಲ್ಲಿದೆ.

ಇನ್ನು, ಮೀಸಲು ಎಂಬುದರ ಮರ್ಮಕ್ಕೆ ಬರೋಣ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸಮಾಡುತ್ತಿದ್ದ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಗಣಿತಜ್ಞನು ೧೯೦೯ರಲ್ಲಿಯೂ ೧೯೧೭ರಲ್ಲಿಯೂ ಬರೆದ ಲೇಖನಗಳಿಂದ, ಕರೆಗಳು ಗೊತ್ತುಗುರಿಯಿಲ್ಲದೆ ಬರುವಾಗ ಎಷ್ಟು ತಂತಿಗಳಿದ್ದರೆ ಎಷ್ಟು ಮಂದಿ ಕಾಯಬೇಕಾಗುತ್ತದೆಂಬುದನ್ನು ಲೆಕ್ಕಹಾಕುವ ಶಾಸ್ತ್ರ ಹುಟ್ಟಿತು. ಅದರ ಅತಿ ಸರಳವಾದ ಮಾದರಿಯೂ ಒಂದು ಗಂಭೀರ ಸತ್ಯವನ್ನು ಹೇಳುತ್ತದೆ. ಮಾರ್ಗವು ಅರ್ಧದಷ್ಟು ಕಾಲ ಕೆಲಸದಲ್ಲಿದ್ದರೆ ಹೊಸದಾಗಿ ಬಂದ ಸಂದೇಶವು ಸರಾಸರಿ ಒಂದು ಸಂದೇಶದ ಹೊತ್ತು ಕಾಯುತ್ತದೆ. ನೂರಕ್ಕೆ ತೊಂಬತ್ತರಷ್ಟು ಕಾಲ ಕೆಲಸದಲ್ಲಿದ್ದರೆ ಒಂಬತ್ತರ ಹೊತ್ತು. ತೊಂಬತ್ತೊಂಬತ್ತರಷ್ಟಾದರೆ ತೊಂಬತ್ತೊಂಬತ್ತರ ಹೊತ್ತು. ಪೂರ್ಣ ಬಳಕೆಯ ಕಡೆಗೆ ಇಟ್ಟ ಕೊನೆಯ ಕೆಲವೇ ಹೆಜ್ಜೆಗಳು ವಿಳಂಬವನ್ನು ಆಕಾಶಕ್ಕೆ ಏರಿಸುತ್ತವೆ. ಇದಾದರೂ ಸರಾಸರಿಯ ಕಥೆ. ಲಕ್ಷಕ್ಕೊಂದು ತಪ್ಪನ್ನೂ ಸಹಿಸದ ಕಾರ್ಯಕ್ಕೆ ಸರಾಸರಿಯಾಚೆಗಿನ ಅಪರೂಪದ ದೀರ್ಘವಿಳಂಬಗಳೇ ಮುಖ್ಯವಾಗುವುದರಿಂದ, ಅಲ್ಲಿ ತೆರವಾಗಿ ಬಿಡಬೇಕಾದ ಭಾಗವು ಇನ್ನೂ ಹಿರಿದು. ಗಾಡಿಯ ಎಂಜಿನ್ನು ‘ನಾನು ಮಾತನಾಡಬಹುದೆ’ ಎಂದು ಮೊದಲು ಕೇಳಿ, ಅನುಮತಿ ಬಂದಮೇಲೆ ಮಾತನಾಡುವ ಪದ್ಧತಿಯಲ್ಲಿ ಆ ಕೇಳಿಕೆಗೇ ಹೊತ್ತು ಹೋಗುತ್ತದೆ. ಆದಕಾರಣವೇ ಐದನೆಯ ತಲೆಮಾರಿನ ನಿಯಮಾವಳಿಯಲ್ಲಿ ಇಂಥ ಉಪಕರಣಗಳಿಗೆ ಮೊದಲೇ ಕಾಲಾಂಶಗಳನ್ನು ಗೊತ್ತುಮಾಡಿ ಇಟ್ಟುಬಿಡುವ ಏರ್ಪಾಡು ಸೇರಿದೆ. ಹಾಗೆ ಗೊತ್ತುಮಾಡಿದ ಕಾಲಾಂಶವು ಬಹಳ ಸಲ ಬರಿದಾಗಿ ಕಳೆಯುವುದು ನಿಜ. ಆ ಬರಿದನ್ನು ಬಿಟ್ಟುಕೊಟ್ಟರೆ ಕೈಗೆ ಬರುವುದು ನಾಲ್ಕು ಕಾಸಿನ ಉಳಿತಾಯ, ಕೈಬಿಡುವುದು ಆ ವ್ಯವಸ್ಥೆಯನ್ನು ಕಟ್ಟಿದ ಉದ್ದೇಶ.

ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ಬಿಡುತ್ತಿದ್ದ ನೀರುಗಂಟಿಯ ಯೋಗ್ಯತೆಯನ್ನು ಊರಿನವರು ತೂಬಿನಿಂದ ಹರಿದ ನೀರಿನ ಮೊತ್ತದಿಂದ ಅಳೆಯುತ್ತಿರಲಿಲ್ಲ. ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಗೆ, ಪೈರು ತೆನೆಯೊಡೆಯುವ ಆ ಎರಡು ವಾರಗಳಲ್ಲಿ, ನೀರು ತಲಪಿತೆ ಎಂಬುದರಿಂದ ಅಳೆಯುತ್ತಿದ್ದರು. ತರಂಗಾಂತರದ ಹಂಚಿಕೆಯಲ್ಲಿ ನಾವಿನ್ನೂ ತೂಬಿನ ಬಳಿ ನಿಂತು ಮೊತ್ತವನ್ನು ಎಣಿಸುತ್ತಿದ್ದೇವೆ.

ಹಾಗಾದರೆ ಎಲ್ಲ ಆಪತ್ಕಾರ್ಯಕ್ಕೂ ಒಂದೊಂದು ಪ್ರತ್ಯೇಕ ಪಟ್ಟಿಯನ್ನು ಕತ್ತರಿಸಿ ಕೊಡತಕ್ಕದ್ದೆ? ಅದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ೨೦೧೮ರಲ್ಲಿ ಸಿದ್ಧವಾದ ಐದನೆಯ ತಲೆಮಾರಿನ ಮೊದಲ ನಿಯಮಾವಳಿಯಲ್ಲಿ ಇನ್ನೊಂದು ಸೊಗಸಾದ ಉಪಾಯವಿದೆ. ಅಲ್ಲಿ ಒಂದು ಕಾಲಖಂಡದಲ್ಲಿ ಹದಿನಾಲ್ಕು ಚಿಹ್ನೆಗಳಿರುತ್ತವೆ. ಸಾಮಾನ್ಯ ದತ್ತಾಂಶವು ಇಡೀ ಖಂಡವನ್ನು ಆಕ್ರಮಿಸಿ ಸಾಗುತ್ತಿರುವಾಗಲೇ ತುರ್ತಿನ ಸಂದೇಶವೊಂದು ಬಂದರೆ, ಗೋಪುರವು ನಡುವೆ ಎರಡೇ ಚಿಹ್ನೆಗಳಷ್ಟು ಜಾಗವನ್ನು ಕಿತ್ತು ಅದಕ್ಕೆ ಕೊಟ್ಟು, ಜಾಗ ಕಳೆದುಕೊಂಡ ಉಪಕರಣಕ್ಕೆ ‘ಇಲ್ಲಿ ನಿನ್ನದಲ್ಲದ ಮಾತು ಸೇರಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ’ ಎಂದು ಆಮೇಲೆ ತಿಳಿಸುತ್ತದೆ. ಚಲನಚಿತ್ರ ನೋಡುವವನಿಗೆ ಆಗುವ ನಷ್ಟ ಕಣ್ಣಿಗೆ ಕಾಣದಷ್ಟು ಅಲ್ಪ. ತುರ್ತಿನವನಿಗೆ ಆಗುವ ಲಾಭ ಅಪಾರ. ಇಂಥ ಸಹಬಾಳ್ವೆ ಸಾಧ್ಯವಿರುವಲ್ಲೆಲ್ಲ ಅದೇ ಲೇಸು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ೨೦೦೧ರ ಸೆಪ್ಟೆಂಬರ್ ೧೧ರ ದಿನ ಪೊಲೀಸರಿಗೂ ಅಗ್ನಿಶಾಮಕರಿಗೂ ಪರಸ್ಪರ ಸಂಪರ್ಕ ಸರಿಯಾಗಿ ಒದಗದೆ ಹೋದ ದಾರುಣ ಅನುಭವದ ಮೇಲೆ, ೨೦೧೨ರಲ್ಲಿ ಕಾನೂನು ಮಾಡಿ, ೭೦೦ ಮೆಗಾಹರ್ಟ್ಸ್ ಶ್ರೇಣಿಯಲ್ಲೇ ೨೦ ಮೆಗಾಹರ್ಟ್ಸನ್ನು ‘ಫಸ್ಟ್‌ನೆಟ್’ ಎಂಬ ರಕ್ಷಣಾಜಾಲಕ್ಕೆ ಕೊಟ್ಟರು. ೨೦೧೭ರಲ್ಲಿ ಎಟಿ ಅಂಡ್ ಟಿ ಸಂಸ್ಥೆಯೊಡನೆ ೨೫ ವರ್ಷಗಳ ಒಪ್ಪಂದ ಮಾಡಿಕೊಂಡು, ತೆರವಿದ್ದಾಗ ಆ ತರಂಗಾಂತರವನ್ನು ಸಾರ್ವಜನಿಕರ ಬಳಕೆಗೂ ಬಿಡಬಹುದು, ಆಪತ್ತು ಬಂದೊಡನೆ ರಕ್ಷಕರಿಗಾಗಿ ಅದನ್ನು ಖಾಲಿಮಾಡಬೇಕು ಎಂಬ ಏರ್ಪಾಡು ಮಾಡಿದರು. ನಮ್ಮ ಆಂಬುಲೆನ್ಸು, ಅಗ್ನಿಶಾಮಕ ದಳ, ನೆರೆ ಪರಿಹಾರದ ತಂಡಗಳಿಗೆ ಈ ಮಾದರಿ ಒಪ್ಪುತ್ತದೆ. ಹಗಲಿರುಳೂ ಎಡೆಬಿಡದೆ ಓಡುವ, ಕ್ಷಣಮಾತ್ರದ ಅನಿಶ್ಚಿತತೆಗೂ ಎಡೆಗೊಡಲಾರದ ರೈಲಿಗೆ ಮಾತ್ರ ಪ್ರತ್ಯೇಕ ಪಟ್ಟಿಯೇ ತಕ್ಕುದೆಂದು ನಾನು ಭಾವಿಸುತ್ತೇನೆ.

ಆದರೆ ಒಂದು ಸಂದೇಶಕ್ಕಾಗಿ ಇನ್ನೊಂದನ್ನು ತಡೆಯಬಹುದೆಂದು ಒಪ್ಪಿದೊಡನೆ, ಯಾವುದು ತುರ್ತಿನದು ಎಂದು ನಿರ್ಣಯಿಸುವವರು ಯಾರೆಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ನ್ಯಾಯದ್ದು. ಹೆಚ್ಚು ಹಣ ಕೊಟ್ಟವರ ಮಾತೇ ತುರ್ತಿನದೆಂದಾದರೆ, ಷೇರುಪೇಟೆಯ ವ್ಯವಹಾರವೋ ಜೂಜಿನ ಆಟವೋ ಹೆರಿಗೆ ನೋವಿನ ಕರೆಯನ್ನು ಹಿಂದಕ್ಕೆ ನೂಕುವುದಕ್ಕೆ ತಡವಾಗದು. ಈ ವಿಷಯದಲ್ಲಿ ನಮ್ಮ ದೇಶವು ಒಳ್ಳೆಯ ಆರಂಭವನ್ನೇ ಮಾಡಿದೆ. ಅಂತರ್ಜಾಲದಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಭೇದವೆಣಿಸಬಾರದೆಂಬ ತತ್ತ್ವವನ್ನು ಎತ್ತಿಹಿಡಿದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೭ರ ನವೆಂಬರಿನಲ್ಲಿ ಮಾಡಿದ ಶಿಫಾರಸನ್ನು ಸರ್ಕಾರವು ೨೦೧೮ರ ಜುಲೈಯಲ್ಲಿ ಅಂಗೀಕರಿಸಿತು. ವಿಶಿಷ್ಟ ಸೇವೆಗಳಿಗೆ ಅದರಲ್ಲಿ ವಿನಾಯಿತಿ ಉಂಟಾದರೂ, ಆ ಸೇವೆಗಳು ಅಂತರ್ಜಾಲದ ಸ್ಥಾನವನ್ನು ಆಕ್ರಮಿಸಬಾರದು, ಸಾಮಾನ್ಯರ ಸಂಪರ್ಕದ ಗುಣವನ್ನು ಕೆಡಿಸಬಾರದು ಎಂಬ ಷರತ್ತುಗಳೂ ಅಲ್ಲಿವೆ. ಈ ಷರತ್ತುಗಳನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೊಯ್ದು, ಇನ್ನೊಬ್ಬರ ಮಾತನ್ನು ತಡೆಯುವ ಹಕ್ಕುಳ್ಳ ಸಂದೇಶಗಳ ವರ್ಗಗಳು ಯಾವುವೆಂಬುದನ್ನು ಸಾರ್ವಜನಿಕ ಚರ್ಚೆಯ ತರುವಾಯ ನಿಯಮದಲ್ಲಿ ಬರೆದು ಪ್ರಕಟಿಸಬೇಕು. ಆ ಪಟ್ಟಿಯು ಕಂಪನಿಗಳ ದರಪಟ್ಟಿಯೊಳಗೆ ಸೇರಿಹೋಗಲು ಬಿಡಬಾರದು.

ಕಾನೂನಿನ ಇನ್ನೊಂದು ಎಡೆಯಲ್ಲಿ ನನಗೆ ನಿಜವಾದ ಆತಂಕವಿದೆ. ೨೦೨೩ರ ದೂರಸಂಪರ್ಕ ಅಧಿನಿಯಮವು, ಹರಾಜಿಲ್ಲದೆ ತರಂಗಾಂತರವನ್ನು ಕೊಡಬಹುದಾದ ಕಾರ್ಯಗಳ ಅನುಸೂಚಿಯಲ್ಲಿ ವಿಪತ್ತಿನ ನಿರ್ವಹಣೆಯನ್ನೂ ರೈಲು ಮೊದಲಾದ ಸಾರಿಗೆಯ ಸುರಕ್ಷತೆಯನ್ನೂ ಸೇರಿಸಿರುವುದು ವಿವೇಕದ ಕೆಲಸ. ಅದೇ ಅಧಿನಿಯಮವು, ತಕ್ಕ ಕಾರಣವಿಲ್ಲದೆ ಬಳಸದೆ ಉಳಿಸಿಕೊಂಡ ತರಂಗಾಂತರವನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದೆಂದೂ ಹೇಳುತ್ತದೆ. ಲಾಭಕ್ಕಾಗಿ ಕೂಡಿಟ್ಟುಕೊಳ್ಳುವವರ ವಿಷಯದಲ್ಲಿ ಇದು ನ್ಯಾಯವೇ. ಆದರೆ ಬಳಕೆಯನ್ನು ಸಾಗಿದ ದತ್ತಾಂಶದ ಮೊತ್ತದಿಂದ ಮಾತ್ರ ಅಳೆಯುವ ಅಧಿಕಾರಿಯೊಬ್ಬನ ಕಣ್ಣಿಗೆ ರಕ್ಷಣಾಜಾಲವು ಯಾವಾಗಲೂ ಬಳಸದ ಆಸ್ತಿಯಾಗಿಯೇ ಕಾಣುವ ಅಪಾಯವಿದೆ. ಆಪತ್ತಿಗಾಗಿ ಸನ್ನದ್ಧವಾಗಿ ಇಟ್ಟಿರುವುದೂ ಬಳಕೆಯೇ ಎಂದು ನಿಯಮಗಳಲ್ಲಿ ಸ್ಪಷ್ಟವಾಗಿ ನಮೂದಿಸುವುದು, ಮತ್ತು ಆ ಸನ್ನದ್ಧತೆಯನ್ನು ಕಾಲಕಾಲಕ್ಕೆ ನಿಷ್ಠುರವಾಗಿ ಪರೀಕ್ಷಿಸುವುದು, ಎರಡೂ ಅವಶ್ಯ. ಪರೀಕ್ಷೆಯಿಲ್ಲದ ಮೀಸಲು ಬರಿಯ ಸವಲತ್ತಾಗಿ ಪರಿಣಮಿಸುತ್ತದೆ.

ಜಾಗದ ಹಂಚಿಕೆಯ ಬಗೆಗೂ ಒಂದು ಮಾತು ಹೇಳಬೇಕಾಗಿದೆ. ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು ೨೦೦ ಕಿಲೋಮೀಟರು ಮಾತ್ರ ಓಡಬಲ್ಲುದು. ಬೀದರಿನ ಕಾರ್ಖಾನೆಯೊಂದರ ಯಂತ್ರಕ್ಕೆ ಅಪ್ಪಣೆ ಕೊಡುವ ಗಣಕವು ೬೦೦ ಕಿಲೋಮೀಟರಿಗೂ ಆಚೆಯ ಬೆಂಗಳೂರಿನಲ್ಲಿದ್ದರೆ, ನಿಸ್ತಂತು ಮಾರ್ಗವನ್ನು ಎಷ್ಟು ಚೊಕ್ಕಟಗೊಳಿಸಿದರೂ, ಹೋಗಿ ಬರುವುದಕ್ಕೇ ಆರು ಮಿಲಿಸೆಕೆಂಡು ಮೀರುತ್ತದೆ. ರಾಜಧಾನಿಯ ಮೆಗಾಬಿಟ್ಟುಗಳನ್ನು ಹೆಚ್ಚಿಸುವುದರಿಂದ ಈ ಕೊರತೆ ನೀಗದು. ನಿರ್ಣಯ ಮಾಡುವ ಯಂತ್ರಗಳೇ ಕಲಬುರಗಿಗೆ, ಹುಬ್ಬಳ್ಳಿಗೆ, ಬಳ್ಳಾರಿಗೆ ಬರಬೇಕು. ಐದನೆಯ ತಲೆಮಾರಿನ ಪ್ರಯೋಜನವು ಜಿಲ್ಲೆಗಳಿಗೆ ಮುಟ್ಟಬೇಕೆಂದು ಆಶಿಸುವವರು ಗೋಪುರಗಳ ಸಂಖ್ಯೆಯನ್ನು ಕೇಳುವಷ್ಟೇ ಕಾಳಜಿಯಿಂದ ಇದನ್ನೂ ಕೇಳಬೇಕಾಗಿದೆ.

ಕೊನೆಯದಾಗಿ ಅಳತೆಯ ವಿಚಾರ. ಸೇವೆಯ ಗುಣಮಟ್ಟವನ್ನು ಕುರಿತು ೨೦೨೪ರ ಅಕ್ಟೋಬರಿನಿಂದ ಜಾರಿಗೆ ಬಂದ ಪ್ರಾಧಿಕಾರದ ಹೊಸ ನಿಬಂಧನೆಗಳು ವಿಳಂಬವನ್ನೂ ಕಳೆದುಹೋದ ದತ್ತಾಂಶವನ್ನೂ ಲೆಕ್ಕಕ್ಕೆ ತಂದಿರುವುದು ಸ್ವಾಗತಾರ್ಹ. ಇಷ್ಟಾದರೂ ಅವು ಸಾಮಾನ್ಯ ಚಂದಾದಾರನಿಗಾಗಿ ರಚಿತವಾದವು. ರಕ್ಷಣೆಗೆಂದು ಕಟ್ಟುವ ಜಾಲಕ್ಕೆ ಬೇರೆಯೇ ಅಳತೆ ಬೇಕು, ಅದರಲ್ಲಿಯೂ ರೈಲಿನ ವಿಷಯದಲ್ಲಿ ಇದಕ್ಕೆ ವಿಶೇಷ ಕಾರಣವುಂಟು. ಸುರಕ್ಷಾಯಂತ್ರದ ಧರ್ಮವೆಂದರೆ, ಅನುಮತಿಯ ಸಂದೇಶ ಬಾರದಿದ್ದರೆ ಅಪಾಯವಿದೆಯೆಂದೇ ತಿಳಿದು ಗಾಡಿಯನ್ನು ನಿಧಾನಿಸುವುದು, ನಿಲ್ಲಿಸುವುದು. ಆದುದರಿಂದ ತಪ್ಪಿದ ಸಂದೇಶವು ಅಪಘಾತವಾಗಿ ಅಲ್ಲ, ಕಾರಣ ತಿಳಿಯದ ನಿಲುಗಡೆಯಾಗಿ ಪ್ರಕಟವಾಗುತ್ತದೆ. ಒಂದು ದಿನ ನಿಂತ ಗಾಡಿ ಮರುದಿನವೂ ಅದೇ ತಿರುವಿನಲ್ಲಿ ನಿಂತರೆ, ಹೊತ್ತಿಗೆ ಸರಿಯಾಗಿ ತಲಪಬೇಕಾದ ಒತ್ತಡದಲ್ಲಿರುವ ಸಿಬ್ಬಂದಿಯ ಮನಸ್ಸಿನಲ್ಲಿ ಯಂತ್ರದ ಮೇಲಿನ ವಿಶ್ವಾಸ ಕ್ಷೀಣಿಸಿ, ಅದನ್ನು ಬದಿಗಿಟ್ಟು ಓಡಿಸುವ ಆಸೆ ಹುಟ್ಟುವುದು ಮನುಷ್ಯಸಹಜ. ಅಪಾಯವು ಒಳಹೊಗುವುದು ಈ ಬಾಗಿಲಿನಿಂದ. ಆದಕಾರಣ, ಯಾವ ಮಾರ್ಗದ ಯಾವ ಕಿಲೋಮೀಟರಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಸಂದೇಶಗಳು ಗಡುವಿನೊಳಗೆ ಮುಟ್ಟಲಿಲ್ಲ, ಅದರಿಂದ ಎಷ್ಟು ಗಾಡಿಗಳು ನಿಂತವು, ಎಷ್ಟು ಸಲ ಯಂತ್ರವನ್ನು ಬದಿಗಿಡಲಾಯಿತು ಎಂಬ ಲೆಕ್ಕವನ್ನು, ಸರಾಸರಿಯ ತೆರೆಯಲ್ಲಿ ಮರೆಮಾಡದೆ, ಪ್ರತಿ ತಿಂಗಳೂ ಪ್ರಕಟಿಸುವಂತೆ ರೈಲ್ವೆ ಮಂಡಳಿಯನ್ನು ನಮ್ಮ ಸಂಸತ್ಸದಸ್ಯರು ಒತ್ತಾಯಿಸಬೇಕು. ಮೊದಲ ಪ್ರಯೋಗಕ್ಕೆ ನೆಲವನ್ನೂ ಪ್ರಯಾಣಿಕರನ್ನೂ ಒದಗಿಸಿದ ಬೀದರ ಮತ್ತು ಕಲಬುರಗಿ ಜಿಲ್ಲೆಗಳ ಪ್ರತಿನಿಧಿಗಳಿಗೆ ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳುವ ಅಧಿಕಾರವುಂಟು.